ಇಳಿಜಾರಿಗೆ ಮುನ್ನ: ಮಳೆಗಾಲ ಕಂಡ ಸೈಕಲ್ಲಿನ ದೋಷ ಹುಡುಕುವುದು

ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆಂದು ನಮ್ಮೂರಿನ ಮನೆಗಳಲ್ಲಿ ಕೋವಿ, ಕತ್ತಿ ಹೊರಬಂದು ಎಣ್ಣೆ ಕಾಣುತ್ತವೆ. ಅದೇ ವಾರ ನಾನು ಗೋಡೌನಿನ ಮೂಲೆಯಿಂದ ಸೈಕಲ್ಲನ್ನೂ ಹೊರಗೆಳೆಯುತ್ತೇನೆ. ಜೂನ್‌ನಿಂದ ಮೂರು ತಿಂಗಳು ತೇವದಲ್ಲಿ ನಿಂತ ಸೈಕಲ್. ಬೂಷ್ಟು ಒರೆಸಿ, ಗಾಳಿ ಹೊಡೆದು, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಮೊದಲಿನಂತೆಯೇ ಓಡುತ್ತದೆ. ಓಡುತ್ತದೆ ಎನ್ನುವುದೇ ಇಲ್ಲಿ ತೊಂದರೆ. ಬಯಲುಸೀಮೆಯಲ್ಲಾದರೆ ಅರ್ಧಂಬರ್ಧ ಬ್ರೇಕಿನಲ್ಲೂ ಕಾಲು ಊರಿ ನಿಲ್ಲಿಸಬಹುದು. ನಮ್ಮಲ್ಲಿ ಗೇಟು ದಾಟಿದರೆ ಒಂದೋ ಏರು, ಇಲ್ಲವೇ ಇಳಿಜಾರು, ಇಳಿಜಾರಿನ ಕೊನೆಗೆ ತಿರುವು, ತಿರುವಿನಾಚೆ ಜಲ್ಲಿ ತುಂಬಿದ ಲಾರಿ.

ಸೈಕಲ್ಲಿನ ದೋಷಗಳನ್ನು ನಾನು ಎರಡು ಜಾತಿಯಾಗಿ ನೋಡುತ್ತೇನೆ: ನಡೆಸುವ ದೋಷ, ಬೀಳಿಸುವ ದೋಷ. ಗಾಳಿ ಇಳಿದರೆ, ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ) ಕೆಟ್ಟರೆ ಸೈಕಲ್ ತಳ್ಳಿಕೊಂಡು ಮನೆಗೆ ನಡೆಯಬಹುದು. ಬ್ರೇಕ್ ವೈರ್, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು), ಹ್ಯಾಂಡಲ್, ಮುಂದಿನ ರಿಮ್ ಕೈಕೊಟ್ಟರೆ ನಡೆಯುವ ಮಾತೇ ಬರುವುದಿಲ್ಲ. ಕೈಯಲ್ಲಿರುವ ದುಡ್ಡು ಸಾಲದಿದ್ದರೆ ಎರಡನೆಯ ಜಾತಿಗೆ ಮೊದಲು ಖರ್ಚು ಮಾಡಿ. ಕಿರಗುಟ್ಟುವ ಚೈನ್ ಮುಂದಿನ ತಿಂಗಳವರೆಗೂ ಕಾಯುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಹಳೆ ಬಟ್ಟೆ, ಟಾರ್ಚ್, ಇಂಚಿನ ಗುರುತಿರುವ ಅಳತೆ ಟೇಪ್, ಮಕ್ಕಳ ಸ್ಕೇಲ್, ಸ್ಪ್ಯಾನರ್, ಅಲೆನ್ ಕೀ, ಸ್ಕ್ರೂಡ್ರೈವರ್, ಒಂದು ತುಂಡು ಸೀಮೆಸುಣ್ಣ, ಸ್ವಲ್ಪ ಸೀಮೆಎಣ್ಣೆ. ಮೊದಲು ಸೈಕಲ್ ತೊಳೆಯಿರಿ. ಕೆಂಪು ಮಣ್ಣು ಅಂಟಿದ ಫ್ರೇಮಿನಲ್ಲಿ ಬಿರುಕು ಕಾಣುವುದಿಲ್ಲ. ಬಕೆಟ್ ನೀರು, ಸೋಪು, ಬ್ರಷ್ ಸಾಕು. ಜೀಪು ತೊಳೆಯುವ ಪಂಪಿನ ಜೋರು ನೀರನ್ನು ಹಬ್ (ಚಕ್ರದ ನಡುವಿನ ಗುಂಬ), ಹ್ಯಾಂಡಲ್ ತಿರುಗುವ ಕಪ್, ಪೆಡಲ್ ಆಕ್ಸಲ್‌ಗಳತ್ತ ಹಿಡಿದರೆ ಒಳಗಿನ ಗ್ರೀಸ್ ಹೊರಬಂದು ಅದರ ಜಾಗಕ್ಕೆ ನೀರು ಕೂರುತ್ತದೆ.

ಬ್ರೇಕ್ ಹಿಡಿದರೂ ನಿಲ್ಲುತ್ತಿಲ್ಲ

ಒದ್ದೆಯಾದಾಗ ಮಾತ್ರ ಹೀಗೋ, ಒಣಗಿದ್ದಾಗಲೂ ಹೀಗೆಯೋ ಎಂದು ಮೊದಲು ನೋಡಿಕೊಳ್ಳಿ.

ಒದ್ದೆಯಲ್ಲಿ ಮಾತ್ರ ಆದರೆ, ನಿಮ್ಮದು ಹೊಳೆಯುವ ಕ್ರೋಮ್ ಲೇಪದ ಉಕ್ಕಿನ ರಿಮ್ ಆಗಿದ್ದರೆ, ಅದು ದೋಷವಲ್ಲ, ಆ ರಿಮ್ಮಿನ ಗುಣವೇ ಅದು. ನಯವಾದ ಕ್ರೋಮಿನ ಮೇಲೆ ನೀರಿನ ಪದರ ನಿಂತರೆ ರಬ್ಬರಿಗೆ ಹಿಡಿತವೇ ಸಿಗದು. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳು, ಹಾಲಿನ ಕ್ಯಾನು ಹೊರುವ ಹಳೇ ಕರಿ ಸೈಕಲ್ಲುಗಳು ಈ ಗುಂಪಿನವು. ಹೊಸ ರಬ್ಬರ್ ಹಾಕಿದರೂ ಆಷಾಢದ ಮಳೆಯಲ್ಲಿ ಇವು ಬೇಗ ನಿಲ್ಲುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಬ್ರೇಕನ್ನು ಹಗುರವಾಗಿ ತಾಗಿಸಿ ರಿಮ್ ಒರೆಸಿಕೊಳ್ಳಬೇಕು. ಇಳಿಜಾರು ಕಡಿದಾಗಿದ್ದರೆ ಇಳಿದು ತಳ್ಳಬೇಕು. ಅಲ್ಯೂಮಿನಿಯಂ ರಿಮ್ ಒದ್ದೆಯಲ್ಲಿ ಇದಕ್ಕಿಂತ ಎಷ್ಟೋ ವಾಸಿ. ಶಾಲೆಗೆ ಹೋಗುವ ಮಗುವಿನ ಸೈಕಲ್ಲಿಗೆ ಯಾವುದಾದರೂ ಒಂದೇ ಸುಧಾರಣೆ ಮಾಡಿಸುವುದಾದರೆ ಮುಂದಿನ ಚಕ್ರಕ್ಕೆ ಅಲ್ಯೂಮಿನಿಯಂ ರಿಮ್ ಹಾಕಿಸಿ ಎನ್ನುತ್ತೇನೆ.

ಒಣಗಿದ್ದಾಗಲೂ ನಿಲ್ಲದಿದ್ದರೆ ಲಿವರ್ ಒತ್ತಿ ನೋಡಿ. ಅರ್ಧ ದಾರಿಗೆ ಬರುವುದರೊಳಗೆ ಬಿಗಿ ಸಿಗಬೇಕು. ಲಿವರ್ ಹೋಗಿ ಹ್ಯಾಂಡಲ್ ಗ್ರಿಪ್ಪಿಗೆ ತಾಗಿದರೆ ಒಂದೋ ವೈರ್ ಸಡಿಲ, ಇಲ್ಲವೇ ರಬ್ಬರ್ ಸವೆದಿದೆ. ಬಹಳ ಮಂದಿ ರಬ್ಬರ್ ನೋಡದೆ ವೈರನ್ನೇ ಎಳೆದು ಬಿಗಿ ಮಾಡುತ್ತಾರೆ. ಹಾಗೆ ಎರಡು ಸಲ ಬಿಗಿ ಮಾಡಿದ ಮೇಲೆ ಮೂರನೇ ಸಲ ಕಬ್ಬಿಣದ ಶೂ ರಿಮ್ಮನ್ನೇ ಕೆರೆಯುತ್ತಿರುತ್ತದೆ. ಆದ್ದರಿಂದ ರಬ್ಬರ್ ಮೊದಲು. ಅದರ ಮೈಮೇಲಿನ ಗೀರು ಮಾಸಿ ಮಟ್ಟಸವಾಗಿದ್ದರೆ ಬದಲಿಸಿ. ರಬ್ಬರ್ ಉಳಿದಿದೆ, ಆದರೆ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದೆ ಎಂದಾದರೆ ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿ. ಬೆಳಕಿಗೆ ಹಿಡಿದಾಗ ಚುಕ್ಕಿ ಚುಕ್ಕಿ ಮಿನುಗಿದರೆ ರಿಮ್ಮಿನ ಲೋಹದ ಚೂರು, ಮರಳು ಒಳಗೆ ಹೂತಿವೆ. ಸೂಜಿಯಿಂದ ಕಿತ್ತು ತೆಗೆಯಿರಿ. ಹಾಗೇ ಬಿಟ್ಟರೆ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಅವು ರಿಮ್ಮನ್ನು ಅರದಂತೆ ತಿನ್ನುತ್ತವೆ. ರಬ್ಬರಿನ ಮೇಲಂಚು ಟಯರಿಗೆ ತಾಗುತ್ತಿದೆಯೇ ಎಂಬುದನ್ನೂ ನೋಡಿ. ತಾಗುತ್ತಿದ್ದರೆ ಟಯರಿನ ಪಕ್ಕ ಸವೆದು ಸವೆದು ಒಂದು ದಿನ ಒಮ್ಮೆಗೇ ಒಡೆಯುತ್ತದೆ.

ವೈರ್ ನೋಡುವಾಗ ನಡುವೆ ನೋಡಿ ಪ್ರಯೋಜನವಿಲ್ಲ. ಅದು ಕಡಿಯುವುದು ಲಿವರಿನೊಳಗಿನ ಗುಂಡಿನ ಹತ್ತಿರ, ಇಲ್ಲವೇ ಬ್ರೇಕಿನ ಬಳಿ ನಟ್ಟಿನಲ್ಲಿ ಸಿಕ್ಕಿಸಿದ ಜಾಗದಲ್ಲಿ. ಲಿವರ್ ಒತ್ತಿ ಹಿಡಿದು ಟಾರ್ಚ್ ಬಿಡಿ. ಒಂದೇ ಒಂದು ಎಳೆ ಕಡಿದು ಮುಳ್ಳಿನಂತೆ ನಿಂತಿದ್ದರೂ ಆ ವೈರಿನ ಆಯಸ್ಸು ಮುಗಿಯಿತು. ಉಳಿದ ಎಳೆಗಳು ಕಡಿಯುವುದು ನೀವು ಅತಿ ಜೋರಾಗಿ ಹಿಡಿದ ಗಳಿಗೆಯಲ್ಲೇ. ಲಿವರ್ ಬಿಟ್ಟ ಮೇಲೂ ಬ್ರೇಕ್ ನಿಧಾನವಾಗಿ ಹಿಂದೆ ಸರಿಯುತ್ತಿದ್ದರೆ ಹೊರಕವಚದೊಳಗೆ ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟರೆ ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ. ಕವಚ ಸಮೇತ ಬದಲಿಸಿ. ಕಂಬಿಯ ಬ್ರೇಕ್ ಇರುವ ಹಳೇ ಸೈಕಲ್ಲಿನಲ್ಲಿ ವೈರ್ ಇಲ್ಲ, ಆದರೆ ಕಂಬಿಗಳ ಕೂಡುಪಿನ್ನು ಸವೆದು ಆಡುತ್ತಿರುತ್ತವೆ. ಒಂದೊಂದನ್ನೂ ಬೆರಳಲ್ಲಿ ಹಿಡಿದು ಅಲ್ಲಾಡಿಸಿ.

ರಬ್ಬರ್, ವೈರ್ ಎರಡೂ ಸರಿಯಿದ್ದರೆ ರಿಮ್ಮಿಗೆ ಬನ್ನಿ. ಬ್ರೇಕ್ ಉಜ್ಜುವ ಪಟ್ಟಿಯ ಮೇಲೆ ಸ್ಕೇಲಿನ ಅಂಚನ್ನು ಅಡ್ಡವಾಗಿ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿಯಿರಿ. ಸ್ಕೇಲಿನ ಕೆಳಗೆ ನಡುವಿನಲ್ಲಿ ಬೆಳಕು ತೂರಿ ಬಂದರೆ ಪಟ್ಟಿ ಬಟ್ಟಲಿನಂತೆ ಒಳಗೆ ತಗ್ಗಿದೆ. ಕೆಲವು ರಿಮ್ಮುಗಳಲ್ಲಿ ಸುತ್ತಲೂ ಸಣ್ಣ ಗೆರೆ ಅಥವಾ ಚಿಕ್ಕ ಕುಳಿ ಕೊರೆದಿರುತ್ತಾರೆ. ಅದು ಮಾಸಿದ್ದರೆ ರಿಮ್ ಮುಗಿಯಿತೆಂದೇ ಅರ್ಥ. ಗೋಡೆಯ ದಪ್ಪ 1 ಮಿ.ಮೀ.ಗಿಂತ ಕಡಿಮೆಯಾದ ಅಲ್ಯೂಮಿನಿಯಂ ರಿಮ್ಮನ್ನು ನಾನು ನಂಬುವುದಿಲ್ಲ. ಟಯರಿನೊಳಗಿನ ಗಾಳಿ ಆ ಗೋಡೆಯನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ಸವೆದ ಗೋಡೆ ಸೀಳಿದರೆ ಅದರ ತುಂಡು ಬ್ರೇಕಿಗೆ ಸಿಕ್ಕಿ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಅಲ್ಲಿ ಬೆರಳು ಓಡಿಸುವಾಗ ಜೋಪಾನ, ಸವೆದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.

ಡಿಸ್ಕ್ ಬ್ರೇಕಿನವರು ಪ್ಯಾಡ್ ಹೊರತೆಗೆದು ನೋಡಿ. ಲೋಹದ ತಟ್ಟೆಯ ಮೇಲೆ ಉಜ್ಜುವ ಪದಾರ್ಥ ಅರ್ಧ ಮಿ.ಮೀ.ಗೆ ಇಳಿದಿದ್ದರೆ ಬದಲಿಸಬೇಕು. ಕೆಸರು ಮಳೆಯಲ್ಲಿ ರೆಸಿನ್ ಪ್ಯಾಡ್ ಕರಗುವ ವೇಗ ನೋಡಿದರೆ ಗಾಬರಿಯಾಗುತ್ತದೆ. ಮೆಟಲ್ ಪ್ಯಾಡ್ ಸ್ವಲ್ಪ ಕಿರುಚಿದರೂ ನಮ್ಮ ಮಳೆಗೆ ಅದೇ ಸರಿ. ಆದರೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದ ರೋಟರಿಗೆ, ಎಂದರೆ ಪ್ಯಾಡ್ ಹಿಡಿಯುವ ಲೋಹದ ಬಿಲ್ಲೆಗೆ, ಅದನ್ನು ಹಾಕಬಾರದು. ರೋಟರ್ ಸಾಮಾನ್ಯವಾಗಿ ಹೊಸದರಲ್ಲಿ 1.8 ಮಿ.ಮೀ. ದಪ್ಪ ಇರುತ್ತದೆ, 1.5ಕ್ಕೆ ಇಳಿದರೆ ಬದಲು. ಕಡಿಮೆ ದಪ್ಪ ಎಷ್ಟಿರಬಹುದು ಎಂಬುದು ಹೆಚ್ಚಿನವುಗಳ ಮೇಲೆ ಅಚ್ಚಾಗಿರುತ್ತದೆ. ಚೈನಿಗೆ ಎಣ್ಣೆ ಸ್ಪ್ರೇ ಮಾಡುವಾಗ ರೋಟರಿಗೆ ಹಾರಿದ್ದರೆ ಪ್ಯಾಡ್ ಎಣ್ಣೆ ಕುಡಿದಿರುತ್ತದೆ. ರೋಟರನ್ನು ಸ್ಪಿರಿಟ್‌ನಲ್ಲಿ ಒರೆಸಬಹುದು, ಪ್ಯಾಡ್ ಉಳಿಸುವ ಪ್ರಯತ್ನ ವ್ಯರ್ಥ. ಎಣ್ಣೆ ತುಂಬಿದ ಡಿಸ್ಕ್ ಬ್ರೇಕ್ ಆದರೆ, ಲಿವರ್ ಸ್ಪಂಜಿನಂತೆ ಮೆತ್ತಗಾಗಿದ್ದರೆ ಗಾಳಿ ಸೇರಿದೆ. ಅದು ಅಂಗಡಿಯ ಕೆಲಸ. ಮಿನರಲ್ ಎಣ್ಣೆಯ ಬ್ರೇಕಿಗೆ ಡಾಟ್ (DOT ಎಂದು ಬರೆದಿರುವ ಬ್ರೇಕ್ ದ್ರವ), ಡಾಟ್ ಬ್ರೇಕಿಗೆ ಮಿನರಲ್ ಎಣ್ಣೆ ಹಾಕಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಅಂಗಡಿಯವರಿಗೂ ಇದನ್ನು ನೆನಪಿಸಿ, ಬೇಜಾರಾದರೂ ಪರವಾಗಿಲ್ಲ.

ಎಲ್ಲ ಸರಿಯಿದ್ದ ಬ್ರೇಕೂ ಉದ್ದದ ಇಳಿಜಾರಿನಲ್ಲಿ ಸೋಲುವುದುಂಟು. ಕಾರಣ ಬಿಸಿ. ಸೈಕಲ್ಲೂ ಸವಾರನೂ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. 100 ಮೀಟರ್ ಎತ್ತರವನ್ನು ಬ್ರೇಕ್ ಹಿಡಿದುಕೊಂಡೇ ಇಳಿದರೆ ಹುಟ್ಟುವ ಬಿಸಿ ಸುಮಾರು 83 ಕಿಲೋಜೂಲ್. ಕಾಲು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು, ಎಂದರೆ ಒಂದು ದೊಡ್ಡ ಲೋಟ ಕಾಫಿಗೆ ಆಗುವಷ್ಟು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ಅಲ್ಲಿಂದ ಸಂಪಾಜೆ ಘಾಟಿ ಇಳಿಯುವಾಗ ಎಷ್ಟು ಲೋಟ ಆಗುತ್ತದೆಂದು ನೀವೇ ಲೆಕ್ಕ ಹಾಕಿ. ಗಾಳಿ ತಗುಲಿ ಬಹಳಷ್ಟು ಬಿಸಿ ಹೊರಹೋಗುತ್ತದೆ ನಿಜ, ಆದರೆ ಬ್ರೇಕನ್ನು ಒಂದೇ ಸಮ ಎಳೆದು ಹಿಡಿದರೆ ರಿಮ್ ಕಾದು ಟ್ಯೂಬ್ ಒಡೆದದ್ದುಂಟು, ಡಿಸ್ಕಿನ ಎಣ್ಣೆ ಕುದಿದು ಲಿವರ್ ಪೊಳ್ಳಾದದ್ದುಂಟು. ಸುಟ್ಟ ವಾಸನೆ ಬಂದರೆ, ಲಿವರ್ ಮೊದಲಿಗಿಂತ ಹೆಚ್ಚು ದೂರ ಹೋದರೆ ನಿಲ್ಲಿಸಿ, ಆರಲು ಹತ್ತು ನಿಮಿಷ ಬಿಡಿ. ಆರುವವರೆಗೆ ರೋಟರ್ ಮುಟ್ಟಬೇಡಿ. ಬೇಗ ಆರಲೆಂದು ತೊರೆಯ ನೀರು ಸುರಿಯುವುದೂ ಬೇಡ, ರೋಟರ್ ಡೊಂಕಾಗುತ್ತದೆ.

ಜೋರಾಗಿ ತುಳಿದರೆ ಚೈನ್ ಜಾರುತ್ತದೆ

ಏರಿನಲ್ಲಿ ಎದ್ದು ನಿಂತು ತುಳಿದಾಗ ಟಕ್ಕನೆ ಕಾಲು ಕೆಳಗೆ ಹೋದಂತಾದರೆ ಮೊದಲು ಚೈನಿನ ಬಿಗಿ ನೋಡಿ. ಗೇರಿಲ್ಲದ ಸೈಕಲ್ಲಿನಲ್ಲಿ ಕೆಳಗಿನ ಚೈನಿನ ನಡುಭಾಗ ಒಂದು ಬೆರಳಷ್ಟು ಮೇಲೆ ಕೆಳಗೆ ಆಡಬೇಕು. ಜೋಲು ಬಿದ್ದಿದ್ದರೆ ಹಿಂದಿನ ಚಕ್ರದ ನಟ್ ಸಡಿಲಿಸಿ ಹಿಂದಕ್ಕೆ ಎಳೆದು ಬಿಗಿ ಮಾಡಿ. ಚೈನನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತ ಗಮನಿಸಿ. ಎಲ್ಲೋ ಒಂದು ಕೊಂಡಿ ಬಗ್ಗದೆ ಸೆಟೆದುಕೊಂಡು ಬರುತ್ತಿದ್ದರೆ ತುಕ್ಕು ಹಿಡಿದ ಆ ಒಂದೇ ಕೊಂಡಿಯಿಂದ ಜಾರುತ್ತಿರಬಹುದು. ಎಣ್ಣೆ ಬಿಟ್ಟು ಅಡ್ಡಡ್ಡ ಬಗ್ಗಿಸಿದರೆ ಬಿಡುತ್ತದೆ. ಚಕ್ರ ತಿರುಗುತ್ತಿರುವಾಗ ಚೈನಿನ ಹತ್ತಿರ ಬೆರಳು ಬೇಡ. ಪಂಚೆ, ಸೀರೆ ಸೆರಗು ಕೂಡ.

ಬಿಗಿಯೂ ಸರಿ, ಕೊಂಡಿಯೂ ಸರಿ ಎಂದಾದರೆ ಅಳೆಯಿರಿ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗೆ ಸರಿಯಾಗಿ 12 ಇಂಚು. ಟೇಪಿನ ಕೊಕ್ಕೆ ಸಡಿಲವಿರುತ್ತದೆ, ಆದ್ದರಿಂದ ಒಂದು ಪಿನ್ನಿನ ನಡುವನ್ನು 1 ಇಂಚಿನ ಗುರುತಿಗೆ ಹಿಡಿದು, 13 ಇಂಚಿನ ಗುರುತಿನ ಬಳಿ ಏನಿದೆ ನೋಡಿ. ಪಿನ್ನಿನ ನಡು ಗುರುತಿನ ಮೇಲೇ ಇದ್ದರೆ ಚೈನ್ ಚೆನ್ನಾಗಿದೆ. ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಗೇರ್ ಸೈಕಲ್ಲಿನವರು ಚೈನ್ ಬದಲಿಸಿ, ಹಿಂದಿನ ಹಲ್ಲುಚಕ್ರ ಉಳಿಯುತ್ತದೆ. 3 ಮಿ.ಮೀ. ಆಚೆ ಹೋಗಿದ್ದರೆ ಹಳೇ ಚೈನಿಗೆ ಹೊಂದಿಕೊಂಡು ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನ್ ಹಾಕಿದರೆ ಜಾರುವುದು ಇನ್ನೂ ಹೆಚ್ಚಾಗುತ್ತದೆ. ಹಲ್ಲು ಬಾಗಿ ಮೀನಿನ ಗಾಳದಂತೆ ಕಂಡರೆ ಅದೇ ಸ್ಥಿತಿ. ಚೈನ್ ಹಿಗ್ಗಿದೆ ಎಂದು ಎಲ್ಲರೂ ಹೇಳುತ್ತಾರೆ, ನಿಜವಾಗಿ ಕಬ್ಬಿಣ ಹಿಗ್ಗುವುದಿಲ್ಲ. ಒಂದೊಂದು ಪಿನ್ನೂ ಅದರ ತೂತೂ ಕೂದಲೆಳೆಯಷ್ಟು ಸವೆದು, ಅವೆಲ್ಲ ಸೇರಿ ಉದ್ದವಾಗುತ್ತದೆ.

ಸವೆಸುವುದು ನಮ್ಮ ಕೆಂಪು ಮಣ್ಣು. ಎಣ್ಣೆಯ ಜೊತೆ ಸೇರಿದರೆ ಅದು ಸಾಣೆ ಹಿಡಿಯುವ ಮಸಿಯೇ ಆಗಿಬಿಡುತ್ತದೆ. ಹಾಗಾಗಿ ಜೀಪಿನಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಹಾಕುವುದು ಉಳಿತಾಯವಲ್ಲ, ಅದರಲ್ಲಿ ಲೋಹದ ಪುಡಿ ಮೊದಲೇ ಇರುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡ. ಅದು 24 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲೇ ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಚೈನಿನ ಮೇಲೆ ತುಪ್ಪ ಸವರಿದಂತೆ ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ಒಂದು ಮಳೆಗೆ ತೊಳೆದುಹೋಗುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಯಾವುದೇ ಹಾಕಿ, ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಎಣ್ಣೆ ಬೇಕಿರುವುದು ಪಿನ್ನಿನ ಒಳಗೆ.

ತೋಟದ ಕೆಲಸಕ್ಕೆ ಸೈಕಲ್ ಒಯ್ಯುವವರಿಗೆ ಇನ್ನೊಂದು ಮಾತು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಕತ್ತಿ ಅದ್ದುತ್ತೇವಲ್ಲ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಅಲ್ಲಿ ತಾಮ್ರ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತದ ನೀರು ಚೈನ್, ಕಡ್ಡಿ, ಅಲ್ಯೂಮಿನಿಯಂ ರಿಮ್ಮಿನ ಮೇಲೆ ಚಿಮ್ಮಿದರೆ ನಡೆಯುವುದೂ ಇದೇ. ಸ್ಪ್ರೇ ಮುಗಿಸಿ ಮನೆಗೆ ಬಂದ ದಿನವೇ ತೊಳೆದುಬಿಡಿ.

ತುಳಿದಾಗಲೆಲ್ಲ ಕಟ್ ಕಟ್ ಶಬ್ದ

ಪೆಡಲ್ ಒಂದು ಸುತ್ತಿಗೆ ಒಂದು ಸಲ ಶಬ್ದ ಬಂದರೆ ಕಾರಣ ಕ್ರ್ಯಾಂಕ್, ಎಂದರೆ ಪೆಡಲ್ ಕೂರುವ ತೋಳಿನ ಸುತ್ತಮುತ್ತ ಇದೆ. ಸೀಟಿನಿಂದ ಎದ್ದು ನಿಂತು ತುಳಿದಾಗ ಶಬ್ದ ನಿಂತರೆ ಸೀಟು ಅಥವಾ ಅದನ್ನು ಹೊತ್ತ ಕೊಳವೆ, ಸೀಟ್ ಪಿಲ್ಲರ್. ಇಷ್ಟು ಪರೀಕ್ಷೆಗೆ ಕಾಸೂ ಬೇಡ.

ಮೊದಲು ಪೆಡಲ್ ಬಿಗಿ ಮಾಡಿ. ಬಲಗಡೆಯದು ಎಂದಿನಂತೆ ಗಡಿಯಾರದ ದಿಕ್ಕಿನಲ್ಲಿ ಬಿಗಿಯಾಗುತ್ತದೆ, ಎಡಗಡೆಯದು ಅದಕ್ಕೆ ಉಲ್ಟಾ. ಇದು ಗೊತ್ತಿಲ್ಲದೆ ಎಡ ಕ್ರ್ಯಾಂಕಿನ ತಿರುಪು ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬ. ನಂತರ ಎರಡೂ ಕ್ರ್ಯಾಂಕ್ ಹಿಡಿದು ಫ್ರೇಮಿನತ್ತ, ಹೊರಗೆ ಅಲ್ಲಾಡಿಸಿ. ಒಂದೇ ಕ್ರ್ಯಾಂಕ್ ಆಡಿದರೆ ಅದರ ಜೋಡಣೆ ಸಡಿಲ. ಹಳೇ ಮಾದರಿಯಲ್ಲಿ ಇದು ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್: ಸವೆದ ಪಿನ್ನನ್ನು ಸುತ್ತಿಗೆಯಲ್ಲಿ ಬಡಿದು ಮತ್ತೆ ಮತ್ತೆ ಬಿಗಿ ಮಾಡುವ ಬದಲು ಹೊಸದು ಹಾಕಿಸಿ. ಎರಡೂ ಒಟ್ಟಿಗೆ ಆಡಿದರೆ ಒಳಗಿನ ಆಕ್ಸಲ್ಲಿನ ಬಾಲ್ಸ್, ಕಪ್ ಸವೆದಿವೆ. ಇದು ನಡೆಸುವ ಜಾತಿಯ ದೋಷ, ಅಂಗಡಿಗೆ ಹೋಗುವ ಪುರುಸೊತ್ತಿದೆ. ಕ್ರ್ಯಾಂಕಿನ ಮೇಲೆಯೇ, ಪೆಡಲ್ ಕೂರುವ ತೂತಿನ ಸುತ್ತ ಕೂದಲಿನಂಥ ಗೆರೆ ಕಂಡರೆ ಮಾತ್ರ ಪುರುಸೊತ್ತಿಲ್ಲ. ಎದ್ದು ತುಳಿಯುವಾಗ ಅದು ಮುರಿದರೆ ಎದೆ ಹ್ಯಾಂಡಲ್ಲಿಗೆ ಹೊಡೆಯುತ್ತದೆ.

ಗಾಳಿ ನಿಲ್ಲುತ್ತಿಲ್ಲ, ಟಯರ್ ಉಬ್ಬಿದೆ

ರಾತ್ರಿ ಹೊಡೆದ ಗಾಳಿ ಬೆಳಿಗ್ಗೆ ಇಲ್ಲ, ಆದರೆ ಮುಳ್ಳು ಎಲ್ಲೂ ಕಾಣುತ್ತಿಲ್ಲ ಎಂದಾದರೆ ಮೊದಲ ಅನುಮಾನ ವಾಲ್ ಟ್ಯೂಬಿನ ಮೇಲೆ. ವಾಲ್‌ನ ತುದಿಗೆ ಎಂಜಲು ಸವರಿ ಗುಳ್ಳೆ ಬರುತ್ತದೆಯೇ ನೋಡಿ. ಆ ಪುಟ್ಟ ರಬ್ಬರ್ ಕೊಳವೆ ಬದಲಿಸಿದರೆ ಮುಗಿಯಿತು, ಟ್ಯೂಬ್ ಬಿಚ್ಚುವ ಕೆಲಸವೇ ಇಲ್ಲ. ಅದಲ್ಲದಿದ್ದರೆ ಪಂಕ್ಚರ್. ಪ್ಯಾಚ್ ಹಾಕುವ ಮುನ್ನ ಟಯರಿನ ಒಳಮೈಯಲ್ಲಿ ಬೆರಳಾಡಿಸಿ, ಚುಚ್ಚಿದ ಮುಳ್ಳು ಇನ್ನೂ ಅಲ್ಲೇ ಇರುತ್ತದೆ. ತೂತು ಟ್ಯೂಬಿನ ಒಳಬದಿಯಲ್ಲಿ, ಅಂದರೆ ಕಡ್ಡಿಯ ಕಡೆ ಇದ್ದರೆ ಅದು ಮುಳ್ಳಲ್ಲ. ರಿಮ್ ಟೇಪ್ ಸರಿದು ಕಡ್ಡಿಯ ತುದಿ ಚುಚ್ಚಿದೆ.

ಟಯರಿನ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಇದ್ದರೆ ರಬ್ಬರ್ ಒಣಗಿದೆ, ಗಮನಿಸುತ್ತಿರಿ ಸಾಕು. ಬಿರುಕಿನೊಳಗೆ ನೂಲು ಕಂಡರೆ ಅಥವಾ ಒಂದು ಕಡೆ ನೆಲ್ಲಿಕಾಯಿಯಂತೆ ಉಬ್ಬಿದ್ದರೆ ಅದು ಮುಂದಿನ ಚಕ್ರದಲ್ಲಿ ಇರಬಾರದು. ಒಳಗೆ ಹಳೇ ಟಯರಿನ ತುಂಡಿಟ್ಟು ಓಡಿಸುವ ಪದ್ಧತಿ ಎಲ್ಲ ಕಡೆ ಇದೆ. ಮನೆ ಮುಟ್ಟಲು ಸರಿ, ಘಾಟಿ ಇಳಿಯಲು ಅಲ್ಲ.

ಚಕ್ರ ಅಡ್ಡಡ್ಡ ಆಡುತ್ತದೆ, ಕಡ್ಡಿ ಮುರಿಯುತ್ತಿದೆ

ಚಕ್ರ ಎತ್ತಿ ಎಡಬಲ ಅಲ್ಲಾಡಿಸಿ. ಕಟಕಟ ಎಂದರೆ ಹಬ್ಬಿನ ಬಾಲ್ಸ್ ಒತ್ತಿ ಹಿಡಿಯುವ ಕೋನ್ ಸಡಿಲ. ಅಲ್ಲಾಡದೆ, ತಿರುಗಿಸಿದಾಗ ಮಾತ್ರ ಹಾವಿನಂತೆ ಹೊರಳಿದರೆ ರಿಮ್ ಬೆಂಡ್. ಎರಡೆರಡೇ ಕಡ್ಡಿಗಳನ್ನು ಹೆಬ್ಬೆರಳಿನಿಂದ ಒತ್ತುತ್ತ ಒಂದು ಸುತ್ತು ಬನ್ನಿ, ಸಡಿಲವಿದ್ದದ್ದು ಕೈಗೇ ಗೊತ್ತಾಗುತ್ತದೆ.

ಹಳೇ ಮಾದರಿಯ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುವುದು ಸುಮ್ಮನೆ ಅಲ್ಲ. ಭಾರವೆಲ್ಲ ಹಿಂದೆ. ಮುರಿಯುವುದೂ ಅಲ್ಲೇ, ಫ್ರೀವೀಲ್ ಪಕ್ಕದ ಕಡ್ಡಿಗಳು, ಹಬ್ಬಿನ ತೂತಿನಲ್ಲಿ ಬಾಗುವ ಕೊಕ್ಕೆಯ ಜಾಗದಲ್ಲಿ. ಕ್ಯಾರಿಯರ್ ಮೇಲೆ ಕಾಫಿ ಮೂಟೆ ಇಟ್ಟು ಗುಂಡಿ ಹಾರಿಸಿದರೆ ಒಂದು ಮುರಿದದ್ದು ಆಶ್ಚರ್ಯವಲ್ಲ. ಆದರೆ ಬದಲಿಸಿದ ಎರಡೇ ವಾರದಲ್ಲಿ ಇನ್ನೊಂದು, ಮತ್ತೆ ಮೂರನೆಯದು ಮುರಿದರೆ ಉಳಿದವೂ ದಣಿದಿವೆ. ಒಂದೊಂದೇ ಹಾಕಿಸುವುದು ಬಿಟ್ಟು ಆ ಪಕ್ಕದ ಎಲ್ಲ ಕಡ್ಡಿಯನ್ನೂ ಹೊಸದಾಗಿ ಕಟ್ಟಿಸಿ. ರಿಮ್ಮಿನಲ್ಲಿ ಕಡ್ಡಿ ಬಿಗಿಯುವ ನಿಪ್ಪಲ್ ಕೂರುವ ತೂತಿನಿಂದ ಬಿರುಕು ಹೊರಟಿದ್ದರೆ ಕಡ್ಡಿ ಬಿಗಿ ಮಾಡಿಸುವುದು ದಂಡ, ರಿಮ್ಮೇ ಹೋಗಿದೆ.

ಹ್ಯಾಂಡಲ್ ನಡುಗುತ್ತದೆ, ಅಥವಾ ನಡುವಿನಲ್ಲಿ ಸಿಕ್ಕಿಕೊಳ್ಳುತ್ತದೆ

ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲ್ ಕಪ್ಪಿನ ಬಳಿ ಬೆರಳಿಟ್ಟಾಗ ಟಕ್ ಟಕ್ ಎಂದು ಆಟ ಸಿಕ್ಕರೆ ಕಪ್ ಸಡಿಲ. ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನೇರ ಬರುವ ಜಾಗದಲ್ಲಿ ಕಚ್ಚಿ ನಿಂತರೆ, ಬಾಲ್ಸ್ ಕೂತಲ್ಲೇ ಕುಟ್ಟಿ ಕುಟ್ಟಿ ಕಪ್ಪಿನಲ್ಲಿ ಕುಳಿ ಮಾಡಿವೆ. ಕಪ್ ಸೆಟ್ ಬದಲಿಸಬೇಕು, ಗ್ರೀಸಿನಿಂದ ಹೋಗುವುದಿಲ್ಲ.

ಆಮೇಲೆ ಮುಂದಿನ ಚಕ್ರವನ್ನು ಎರಡೂ ಕಾಲಿನ ನಡುವೆ ಅದುಮಿ ಹಿಡಿದು ಹ್ಯಾಂಡಲ್ ತಿರುವಿ ನೋಡಿ. ಸುಲಭಕ್ಕೆ ತಿರುಗಬಾರದು. ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ಹೊಸ ಮಾದರಿಯ ಸ್ಟೆಮ್ಮಿನ ಬೋಲ್ಟಿಗೆ ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು. ಇಷ್ಟೇ ಎಂದು ಅದರ ಮೇಲೆ ಬರೆದಿರುತ್ತದೆ. ಬಲ ಹಾಕಿ ಇನ್ನೂ ಬಿಗಿ ಮಾಡಿದರೆ ಅದೇ ಮುಂದಿನ ಬಿರುಕಿಗೆ ನಾಂದಿ. ಹ್ಯಾಂಡಲ್ಲಿನ ಗ್ರಿಪ್ ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿ. ಬೆವರು, ಮಳೆ ಸೇರಿ ಒಳಗೇ ತಿಂದಿರುತ್ತವೆ.

ಪೇಂಟಿನ ಮೇಲೆ ಗೆರೆ, ಗುಳ್ಳೆ

ಎರಡು ವರ್ಷದ ಹಿಂದೆ ನನ್ನ ಉಕ್ಕಿನ ಸೈಕಲ್ ಒಂದು ಮಳೆಗಾಲವಿಡೀ ಪೊಟ್ಯಾಷ್ ಗೊಬ್ಬರದ ಮೂಟೆಗಳಿಗೆ ಒರಗಿ ನಿಂತಿತ್ತು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಒಂದು ಬಗೆಯ ಉಪ್ಪೇ. ಗಾಳಿಯ ತೇವಕ್ಕೆ ಹಸಿಯಾಗಿ ಮುಟ್ಟಿದ ಕಬ್ಬಿಣವನ್ನೆಲ್ಲ ತಿನ್ನುತ್ತದೆ. ಹೊರಗೆಳೆದಾಗ ಕ್ರ್ಯಾಂಕ್ ಪಕ್ಕದಲ್ಲಿ, ಹಿಂದಿನ ಚಕ್ರಕ್ಕೆ ಹೋಗುವ ಕೊಳವೆಯ ಮೇಲೆ ಬಟಾಣಿಯಷ್ಟು ಗುಳ್ಳೆ. ಉಳಿದಂತೆ ಪೇಂಟ್ ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಹಪ್ಪಳದಂತೆ ಒಳಗೆ ಹೋಯಿತು. ಮನೆಯವರು ನೋಡಿ, “ಇದರ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗಿದ್ದಿರಲ್ಲ ಮೇ ತಿಂಗಳಲ್ಲಿ” ಎಂದರು. ಉತ್ತರವಿರಲಿಲ್ಲ.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಪೇಂಟ್ ಮೇಲೇಳುವುದು. ಹೊರಗಿನಿಂದ ಗೀರಿ ಬಂದ ತುಕ್ಕು ಗೀರಿನ ಸುತ್ತ ಮಾತ್ರ ಇರುತ್ತದೆ. ಗೀರೇ ಇಲ್ಲದ ಜಾಗದಲ್ಲಿ ಗುಳ್ಳೆ ಎದ್ದರೆ ಅನುಮಾನ ಒಳಗಿನ ಮೇಲೆ. ಮಳೆನೀರು ಸೀಟ್ ಪಿಲ್ಲರಿನ ಸೀಳಿನಿಂದ ಇಳಿದು ಕ್ರ್ಯಾಂಕಿನ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸೀಟ್ ತೆಗೆದು ಸೈಕಲ್ ಮಗುಚಿ, ಎಷ್ಟು ನೀರು ಬರುತ್ತದೆ ನೋಡಿ. ಅಡಿಯಲ್ಲಿ ಸಣ್ಣ ತೂತಿದ್ದರೆ ಕೆಸರು ಮುಚ್ಚದಂತೆ ಬಿಡಿಸಿಡಿ. ಜಿಗಣೆಗೆಂದು ಸೀಟಿನ ಕೆಳಗಿನ ಚೀಲದಲ್ಲಿ ಉಪ್ಪು ಇಟ್ಟುಕೊಳ್ಳುವವರು ಅದನ್ನು ಜೇಬಿಗೆ ವರ್ಗಾಯಿಸಿ.

ಇನ್ನು ಬಿರುಕು. ಹುಡುಕಬೇಕಾದ ಜಾಗಗಳು: ಹ್ಯಾಂಡಲ್ ಕೊಳವೆಯೂ ಕೆಳಗಿನ ದಪ್ಪ ಕೊಳವೆಯೂ ಸೇರುವ ಮೂಲೆಯ ಅಡಿಭಾಗ, ಫೋರ್ಕಿನ ಕಾಲುಗಳು ಮೇಲೆ ಕೂಡುವಲ್ಲಿ, ಕ್ರ್ಯಾಂಕ್ ಪೆಟ್ಟಿಗೆಯ ಸುತ್ತ, ಸೀಟ್ ಬಿಗಿಯುವ ಸೀಳಿನ ಕೊನೆ, ಹಿಂದಿನ ಚಕ್ರದ ನಟ್ ಕೂರುವ ತಟ್ಟೆ. ಗೆರೆ ಕಂಡಿತು, ಅದು ಪೇಂಟಿನ ಗೀರೋ ಲೋಹದ ಬಿರುಕೋ ತಿಳಿಯುತ್ತಿಲ್ಲ. ಹಿಂದೆ ರೈಲಿನ ಉಕ್ಕಿನ ಭಾಗಗಳಲ್ಲಿ ಬಿರುಕು ಹುಡುಕಲು ಎಣ್ಣೆ ಮತ್ತು ಬಿಳಿ ಸುಣ್ಣದ ಉಪಾಯ ಮಾಡುತ್ತಿದ್ದರು, ನಮಗೂ ಅದೇ ಸಾಕು. ಜಾಗ ಚೆನ್ನಾಗಿ ತೊಳೆದು ಒಣಗಿಸಿ. ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಒಸರಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬರೀ ಗೀರಾದರೆ ಬಿಳಿಯಾಗಿಯೇ ಉಳಿಯುತ್ತದೆ. ಒಲೆಯಿಂದ ದೂರ ಕೂತು ಮಾಡಿ. ಸೀಮೆಎಣ್ಣೆ ಬ್ರೇಕ್ ರಬ್ಬರಿಗೂ ರೋಟರಿಗೂ ತಾಗಬಾರದು. ಗೆರೆ ಮೂಡದಿದ್ದರೂ ಅನುಮಾನ ಹೋಗದಿದ್ದರೆ ಆ ಜಾಗದ ಪೇಂಟ್ ಉಜ್ಜಿ ತೆಗೆದು ಮತ್ತೊಮ್ಮೆ ಮಾಡಿ, ಪೇಂಟ್ ಕೆಲವೊಮ್ಮೆ ಬಿರುಕನ್ನು ಮುಚ್ಚಿಟ್ಟಿರುತ್ತದೆ.

ಬಿರುಕು ಖಚಿತವಾದರೆ ಲೋಹದ ಮೇಲೆ ತೀರ್ಮಾನ. ಉಕ್ಕು ಸಾಮಾನ್ಯವಾಗಿ ಕಿರುಗುಟ್ಟಿ, ಸ್ವಲ್ಪ ಬಾಗಿ, ಸುಳಿವು ಕೊಟ್ಟು ಮುರಿಯುತ್ತದೆ. ಫ್ರೇಮಿನ ಉಕ್ಕನ್ನು ಒಳ್ಳೆಯ ಕೈ ವೆಲ್ಡ್ ಮಾಡಬಲ್ಲದು. ಅಲ್ಯೂಮಿನಿಯಂ ಹಾಗಲ್ಲ. ಸಣ್ಣ ಸಣ್ಣ ಪೆಟ್ಟುಗಳೂ ಅದರ ಲೆಕ್ಕದಲ್ಲಿ ಕೂಡುತ್ತ ಹೋಗುತ್ತವೆ, ಇಷ್ಟರ ಕೆಳಗಿನ ಪೆಟ್ಟು ಎಷ್ಟು ಬಿದ್ದರೂ ಏನೂ ಆಗದು ಎಂಬ ಮಿತಿ ಉಕ್ಕಿಗಿದ್ದಂತೆ ಅದಕ್ಕಿಲ್ಲ. ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಶಾಪಿನಲ್ಲಿ ಅಲ್ಯೂಮಿನಿಯಂ ಫ್ರೇಮ್ ಹಚ್ಚಿಸಿದರೆ ಹಚ್ಚಿದ ಪಕ್ಕದ ಲೋಹ ಬಿಸಿಗೆ ಮೆತ್ತಗಾಗಿ ಮತ್ತೆ ಅಲ್ಲೇ ಬಿಡುತ್ತದೆ. ಕಾರ್ಬನ್ ಆದರೆ ನಾಣ್ಯದಿಂದ ಉದ್ದಕ್ಕೂ ಬಡಿಯುತ್ತ ಹೋಗಿ. ಟಣ್ ಎನ್ನುವ ಶಬ್ದ ಒಂದೆಡೆ ಮಂದವಾದರೆ ಒಳಪದರ ಬಿಟ್ಟಿರಬಹುದು. ಶಬ್ದ ಸರಿಯಿದೆ ಎಂದ ಮಾತ್ರಕ್ಕೆ ಕಾರ್ಬನ್ ಸರಿಯಿದೆ ಎಂದಲ್ಲ, ತಿಳಿದವರಿಗೆ ತೋರಿಸಲೇಬೇಕು. ಒಡೆದ ಜಾಗ ಬರಿಗೈಯಲ್ಲಿ ಮುಟ್ಟಬೇಡಿ, ಅದರ ನಾರು ಚರ್ಮದೊಳಗೆ ಹೋಗುತ್ತದೆ. ಫೋರ್ಕ್ ಯಾವ ಲೋಹದ್ದೇ ಇರಲಿ, ಬಿರುಕಿದ್ದರೆ, ಬಾಗಿದ್ದರೆ ವೆಲ್ಡಿಂಗೂ ಬೇಡ, ನೆಟ್ಟಗೆ ಮಾಡಿಸುವುದೂ ಬೇಡ. ಗುಜರಿಗೆ ಹಾಕುವಾಗ ಇನ್ನೊಬ್ಬರು ಎತ್ತಿಕೊಂಡು ಹಾಕಿಸಿಕೊಳ್ಳದಂತೆ ಗರಗಸದಿಂದ ಎರಡು ತುಂಡು ಮಾಡಿ.

ಸೀಟ್ ಪಿಲ್ಲರ್ ಕದಲುತ್ತಿಲ್ಲ

ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಪಿಲ್ಲರ್, ನಡುವೆ ಮಳೆನೀರು. ಎರಡು ಲೋಹ ಒಂದು ನೀರು ಸೇರಿದರೆ ಸಣ್ಣ ಬ್ಯಾಟರಿಯೇ ಆಯಿತು. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಕಚ್ಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ದಿನ ಬಿಟ್ಟು ಬಿಟ್ಟು ಹಾಕಿ, ಸೀಟು ಹಿಡಿದು ಮೆಲ್ಲಗೆ ಎಡಬಲ ತಿರುವಿ. ಬರದಿದ್ದರೆ ಅಲ್ಲಿಗೆ ಬಿಡಿ. ಪೈಪ್ ಹಾಕಿ ತಿರುವಿದರೆ ಫ್ರೇಮ್ ಸೀಳುತ್ತದೆ, ಬೆಂಕಿ ಹಿಡಿದರೆ ಪೇಂಟೂ ಲೋಹವೂ ಹಾಳು. ಬಂದರೆ ಗ್ರೀಸ್ ಸವರಿ ಹಾಕಿ, ಪಿಲ್ಲರಿನ ಮೇಲೆ ಕೊರೆದಿರುವ ಕೊನೆಯ ಗೆರೆ ಕಾಣುವಷ್ಟು ಮೇಲೆತ್ತಬೇಡಿ.

ಬಿದ್ದೆದ್ದ ಮೇಲೆ

ಸೈಕಲ್ ಬಿದ್ದ ದಿನ ನೋಡುವುದು ಮೊಣಕಾಲು ಮಾತ್ರ, ಅದು ಸಹಜ. ಮರುದಿನವಾದರೂ ಎದುರಿನಿಂದ, ಪಕ್ಕದಿಂದ ಫೋರ್ಕ್ ನೋಡಿ. ಕಾಲುಗಳು ಹಿಂದಕ್ಕೆ ಸರಿದಿದ್ದರೆ ಪೆಡಲ್ ಮೇಲಿಟ್ಟ ಪಾದದ ತುದಿ ಮುಂದಿನ ಚಕ್ರಕ್ಕೆ ತಾಗತೊಡಗುತ್ತದೆ. ಮೇಲಿನ, ಕೆಳಗಿನ ಕೊಳವೆಗಳ ಅಡಿಯಲ್ಲಿ, ಹ್ಯಾಂಡಲ್ ಕೊಳವೆಯ ಹಿಂದೆ ಬೆರಳಾಡಿಸಿ. ಪೇಂಟ್ ಸುಕ್ಕುಗಟ್ಟಿದಂತೆ ಅಲೆ ಸಿಕ್ಕರೆ ಕೊಳವೆ ಮಡಿಚಿದೆ. ಕೈ ಬಿಟ್ಟಾಗ ಸೈಕಲ್ ಒಂದೇ ಪಕ್ಕಕ್ಕೆ ಎಳೆಯುತ್ತದೆ ಎನ್ನುವುದೂ ಸುಳಿವು, ಅದನ್ನು ರಸ್ತೆಯಲ್ಲಲ್ಲ, ಕಾಫಿ ಒಣಗಿಸುವ ಕಣದಲ್ಲಿ ಪರೀಕ್ಷಿಸಿ. ಅಲ್ಯೂಮಿನಿಯಂ ಹ್ಯಾಂಡಲ್ ಬಾಗಿದ್ದರೆ ವಾಪಸ್ ಬಗ್ಗಿಸಬೇಡಿ, ಬದಲಿಸಿ.

ರಿಪೇರಿ ಮುಗಿದ ಮೇಲೂ ಮೊದಲು ಕಣದಲ್ಲೇ ನಾಲ್ಕು ಸುತ್ತು. ಎರಡೂ ಬ್ರೇಕನ್ನು ಬೇರೆ ಬೇರೆಯಾಗಿ ಹಿಡಿದು ನಿಲ್ಲಿಸಿ ನೋಡಿ, ಎದ್ದು ನಿಂತು ತುಳಿಯಿರಿ, ಆಮೇಲೆ ಚಕ್ರದ ನಟ್, ಹ್ಯಾಂಡಲ್, ಸೀಟಿಗೆ ಇನ್ನೊಮ್ಮೆ ಸ್ಪ್ಯಾನರ್ ತಾಗಿಸಿ. ಹೊಸ ಬ್ರೇಕ್ ವೈರ್ ಮೊದಲ ವಾರ ಕವಚದೊಳಗೆ ಕೂತು ಸ್ವಲ್ಪ ಸಡಿಲವಾಗುತ್ತದೆ. ಲಿವರ್ ಬಳಿಯ ತಿರುಪನ್ನು ಒಂದೆರಡು ಸುತ್ತು ಹೊರಕ್ಕೆ ತಿರುಗಿಸಿದರೆ ಮತ್ತೆ ಬಿಗಿಗೆ ಬರುತ್ತದೆ.